ಕೊಪ್ಪರಿಗೆ ಒಂದು ಕಡೆ, ಮುಚ್ಚಳ ಒಂದು ಕಡೆ

ಮಿರ್ಲೆಯಿಂದ ನಾಲೆ ಏರಿ ಹಿಡಿದು ಒಳಕ್ಕೆ ಹೋದರೆ ಹೊಂಗೆಕೊಪ್ಪಲು ಸಿಗುತ್ತದೆ. ಅಲ್ಲಿ ಅಡುಗೆ ಕಂಠಪ್ಪ ಎಂದರೆ ಎರಡಕ್ಕೆ ಹೆಸರು, ಅವನ ಕೈಗೆ ಮತ್ತು ಅವನ ಬಾಯಿಗೆ. ಕೈಯಲ್ಲಿ ಸೌಟು ಇರುವಷ್ಟು ಹೊತ್ತೂ ಬಾಯಿ ಸುಮ್ಮನಿರುವುದಿಲ್ಲ. ಈರುಳ್ಳಿಯನ್ನು ದಪ್ಪಗೆ ಹೆಚ್ಚಿದವನಿಗೆ ಬೈಗುಳ, ಹಸಿ ಸೌದೆ ತಂದವನಿಗೆ ಬೈಗುಳ, ಬೇಯುವ ಮೊದಲೇ ಇಣುಕಿ "ಆಯ್ತಾ ಕಂಠಪ್ಪಣ್ಣ?" ಎಂದವನಿಗಂತೂ ಬಂದ ದಾರಿಯೇ ಮರೆತುಹೋಗುವಷ್ಟು ಬೈಗುಳ. ಆದರೂ ಮದುವೆಯೋ ತಿಥಿಯೋ ಬಂತೆಂದರೆ ಜನ ಅವನ ಬಾಗಿಲಿಗೇ ಬರುತ್ತಿದ್ದರು. ಬೈದುಕೊಂಡು ಅವನು ಮಾಡುವ ಬಾಡಿನ ಸಾರು, ನಗುನಗುತ್ತ ಮಾಡುವ ಯಾರಿಗೂ ಬರುತ್ತಿರಲಿಲ್ಲ.

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ಸೋದರಮಾವನ ಹಿಂದೆ ಒಲೆ ಊದಲು ಹೋದವನು ಕಂಠಪ್ಪ. ಅವನು ಕೆಲಸ ಕಲಿತದ್ದೆಲ್ಲ ಊರ ಕೊಪ್ಪರಿಗೆಯಲ್ಲಿ. ಅವನಪ್ಪನ ಕಾಲದಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ, ಕಾಲೋನಿ ಮೂರೂ ಕಡೆ ಮನೆಗಿಷ್ಟು ಭತ್ತ ಎಂದು ಎತ್ತಿ ತಂದ ತಾಮ್ರದ ಕೊಪ್ಪರಿಗೆ ಅದು. ಎರಡು ಕಡೆ ಬಳೆ, ಇಬ್ಬರು ಗಟ್ಟಿ ಗಂಡಸರು ಹಿಡಿದರೆ ಮಾತ್ರ ಏಳುತ್ತಿತ್ತು. ಅದಕ್ಕೆ ತಕ್ಕ ಮುಚ್ಚಳ, ಮುದ್ದೆ ತಿರುವಲು ಒನಕೆಗಿಂತ ಉದ್ದನೆಯ ಹಿಟ್ಟಿನ ಕೋಲು. ಮೂರೂ ಚಾವಡಿಯ ಮೂಲೆಯಲ್ಲಿ ಇರುತ್ತಿದ್ದವು. ಕಾರ್ಯ ಬಂದವರು ತೆಗೆದುಕೊಂಡು ಹೋಗುವುದು, ಬೂದಿ ಹಚ್ಚಿ ಬೆಳಗಿ ತಂದಿಡುವುದು. ಯಾರಿಗೂ ಹೇಳಬೇಕಾಗಿರಲಿಲ್ಲ, ಯಾರನ್ನೂ ಕೇಳಬೇಕಾಗಿರಲಿಲ್ಲ.

ಆಮೇಲೆ ಊರಿಗೆ ಭವನಗಳು ಬಂದವು.

ಸರ್ಕಾರ ಊರಿಗೆ ಒಳ್ಳೆಯದಾಗಲಿ ಎಂದೇ ದುಡ್ಡು ಕೊಟ್ಟಿತು, ಅದರಲ್ಲಿ ಅನುಮಾನವಿಲ್ಲ. ಜನ ಒಂದು ಕಡೆ ಸೇರಲಿ, ಬಡವರ ಮದುವೆ ಛತ್ರದ ಬಾಡಿಗೆ ಇಲ್ಲದೆ ನಡೆಯಲಿ ಎಂಬ ಲೆಕ್ಕ. ಆದರೆ ಒಂದು ಊರಿಗೆ ಒಂದು ಭವನ ಎಂದರೆ ಯಾವನು ಒಪ್ಪುತ್ತಾನೆ? ಮೇಲಿನ ಬೀದಿಯವರು ನಮಗೊಂದು ಎಂದರು. ಅವರಿಗಾದರೆ ನಮಗೇಕಿಲ್ಲ ಎಂದು ಕೆಳಗಿನ ಬೀದಿಯವರು ಲಾರಿ ಕಟ್ಟಿಕೊಂಡು ಮೈಸೂರಿಗೆ ಹೋಗಿ ಕೂತರು. ಕಾಲೋನಿಗೆ ಬೇರೆ ಯೋಜನೆಯಲ್ಲಿ ಅಂಬೇಡ್ಕರ್ ಭವನ ಬಂತು. ಊರೆಲ್ಲ ಕೂತು ಹರಟುತ್ತಿದ್ದ ಚಾವಡಿಯನ್ನು ಮೇಲಿನ ಬೀದಿಯ ಭವನಕ್ಕಾಗಿ ಕೆಡವಿದರು. ಜನ ಸೇರಲಿ ಎಂದು ಕೊಟ್ಟ ದುಡ್ಡಿನಲ್ಲಿ ಜನ ಸೇರುತ್ತಿದ್ದ ಜಾಗವನ್ನೇ ಮೊದಲು ನೆಲಸಮ ಮಾಡಿದರು. ಇದಕ್ಕೆ ಏನೆನ್ನಬೇಕೋ ನೀವೇ ಹೇಳಿ.

ಚಾವಡಿ ಕೆಡವಿದ ದಿನ ಕೊಪ್ಪರಿಗೆ ಬೀದಿಗೆ ಬಿತ್ತು. ಅದು ಯಾವ ಭವನದಲ್ಲಿರಬೇಕು ಎಂದು ಅರಳಿಮರದ ಕೆಳಗೆ ಸಭೆ ಸೇರಿತು. ನಮ್ಮಲ್ಲಿ, ನಮ್ಮಲ್ಲಿ ಎಂದು ಮೂರು ಬೀದಿಯವರೂ ಹಿಡಿದ ಪಟ್ಟು ಬಿಡಲಿಲ್ಲ. ಬೆಳಿಗ್ಗೆಯಿಂದ ಕೇಳಿ ಕೇಳಿ ಕಂಠಪ್ಪನ ತಲೆ ಕಾದು ಕೆಂಡವಾಯಿತು. ಎದ್ದು ನಿಂತ.

"ಅಂಗಾದ್ರೆ ಒಂದ್ ಕೆಲ್ಸ ಮಾಡ್ರಯ್ಯ. ಒಬ್ರು ಕೊಪ್ಪರಿಗೆ ತಗಳಿ, ಒಬ್ರು ಮುಚ್ಚಳ ತಗಳಿ, ಇನ್ನೊಬ್ರು ಕೋಲ್ ತಗಂಡು ಒಡ್ಕಂಡ್ ಸಾಯಿ!"

ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿಬಿಟ್ಟ. ಅವನು ಬೈದದ್ದು. ಆದರೆ ಅವನ ಬೆನ್ನ ಹಿಂದೆ ಪಂಚಾಯ್ತಿ ಮೆಂಬರ್ ಮೂರ್ತಿ ಗಲ್ಲ ಕೆರೆದುಕೊಂಡು, "ಕಂಠಪ್ಪಣ್ಣ ಹೇಳಿದ್ದು ಸರಿಯಾಗೇ ಅದೆ ಕಣ್ರಪ್ಪ. ಮೂರೂ ಮೂರ್ ಕಡೆ ಇದ್ರೆ ಯಾರೂ ಒಬ್ರೇ ಬೇಯಿಸ್ಕಳಕ್ಕಾಗಲ್ಲ. ಒಬ್ರನ್ನೊಬ್ರು ಕೇಳ್ಲೇಬೇಕು. ಊರು ಒಗ್ಗಟ್ಟಾಗಿರ್ತದೆ" ಎಂದ. ಎಲ್ಲರೂ ತಲೆಯಾಡಿಸಿದರು. ಅಲ್ಲೇ ಚೀಟಿ ಎತ್ತಿದರು. ಮುಚ್ಚಳ ಮೇಲಿನ ಬೀದಿಗೆ ಬಂತು, ಹಿಟ್ಟಿನ ಕೋಲು ಕೆಳಗಿನ ಬೀದಿಗೆ, ಕೊಪ್ಪರಿಗೆ ಕಾಲೋನಿಗೆ.

ಮಾರನೆಯ ದಿನ ಇದು ಗೊತ್ತಾದಾಗ ಕಂಠಪ್ಪ ಹಣೆ ಹಣೆ ಚಚ್ಚಿಕೊಂಡ. "ನಾನ್ ಬೈದ್ರೆ ಅದ್ನ ತೀರ್ಮಾನ ಮಾಡವ್ರಲ್ಲ ಈ ಮುಠ್ಠಾಳ್ರು!"

ಒಬ್ಬರನ್ನೊಬ್ಬರು ಕೇಳುವುದಿರಲಿ, ಅಂದಿನಿಂದ ಕೊಪ್ಪರಿಗೆ ಒಲೆಯ ಮುಖವನ್ನೇ ನೋಡಲಿಲ್ಲ. ಎಲ್ಲರೂ ಕೆ.ಆರ್.ನಗರದ ಶಾಮಿಯಾನ ಅಂಗಡಿಯಿಂದ ತಳ ಸೀಯುವ ಅಲ್ಯೂಮಿನಿಯಂ ಪಾತ್ರೆಗಳನ್ನು ಬಾಡಿಗೆಗೆ ತಂದರು. ಕಂಠಪ್ಪ ಅವುಗಳಲ್ಲೇ ಹಲ್ಲು ಕಡಿದುಕೊಂಡು ಬೇಯಿಸಿದ.

ಹೀಗೇ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಅವನ ಮಗಳು ರಮ್ಯಳ ಮದುವೆಯಾಯಿತು.

ಹುಡುಗ ತೇಜಸ್, ಪಿರಿಯಾಪಟ್ಟಣದ ಕಡೆಯವನು. ಅವನಪ್ಪ ಜವರಯ್ಯ ಹೊಗೆಸೊಪ್ಪು ಬೆಳೆಯುವ ಕುಳ, ಊಟದ ವಿಷಯದಲ್ಲಿ ಬಲು ನಾಜೂಕು. ಮದುವೆಯನ್ನು ಗಂಡಿನ ಕಡೆಯವರೇ ಪಿರಿಯಾಪಟ್ಟಣದ ಛತ್ರದಲ್ಲಿ ಮಾಡಿದರು. ತಲೆಗೆ ಟೋಪಿ, ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡ ಹುಡುಗರು ಬಡಿಸಿದರು. ಕಂಠಪ್ಪ ಎಲೆ ಮುಂದೆ ಕೂತಿದ್ದಾಗ ಜವರಯ್ಯ ಬಂದು ವಿಚಾರಿಸಿದ.

"ಏನ್ ಬೀಗ್ರೆ, ಊಟ ಎಂಗದೆ?"

ಇಂಥ ಕಡೆ ಯಾರಾದರೂ "ಬೋ ಚೆನ್ನಾಗದೆ" ಎನ್ನುತ್ತಾರೆ. ಕಂಠಪ್ಪನ ಬಾಯಿಗೆ ಸುಳ್ಳು ಬರಲಿಲ್ಲ. "ಸತ್ತಿದ್ದ ತರ್ಕಾರೀನ ಇನ್ನೊಂದ್ಸಲ ಸಾಯ್ಸವ್ರೆ ಕಣ್ ಬೀಗ್ರೆ" ಎಂದ. ಪಂಕ್ತಿಯೆಲ್ಲ ನಕ್ಕಿತು. ನಗು ಕೇಳಿ ಇನ್ನಷ್ಟು ಉಬ್ಬಿದ. "ಬರೋ ಭಾನ್ವಾರ ಬೀಗರೂಟಕ್ಕೆ ನಮ್ಮೂರ್ಗೆ ಬನ್ನಿ. ನಮ್ಮೂರ್ ಕೊಪ್ಪರಿಗೇಲಿ ನಾನೇ ಬೇಯ್ಸಿ ಆಕ್ತೀನಿ. ಬಾಡಿಗೆ ಪಾತ್ರೇಲಿ ನಿಮ್ಗೆ ಒಂದ್ ತೊಟ್ಟು ಸಾರ್ ಬುಟ್ರೆ ನಾನು ಕಂಠಪ್ಪನೇ ಅಲ್ಲ!"

ಹೆಂಡತಿ ಸುನಂದಮ್ಮ ಹಿಂದಿನಿಂದ ತೋಳು ಚಿವುಟಿದಳು. ಆ ಹೊತ್ತಿಗೆ ಮಾತು ಪಂಕ್ತಿಯ ಆ ತುದಿ ಮುಟ್ಟಿತ್ತು.

ಊರಿಗೆ ಬಂದ ಮೇಲೆ ಅವನಿಗೆ ತನ್ನ ಮಾತಿನ ತೂಕ ಗೊತ್ತಾಯಿತು. ಮನೆ ಮುಂದೆ ಪಂಕ್ತಿ ಹಾಕೋಣವೆಂದರೆ ಈ ಕಡೆ ಮೋರಿ, ಆ ಕಡೆ ಎದುರು ಮನೆಯವರ ಮೆಟ್ಟಿಲು. ಜಾಗವೂ ಬೇಕು, ಕೊಪ್ಪರಿಗೆಯೂ ಬೇಕು. ಮಾತು ತಪ್ಪಿದರೆ ನಗೆಪಾಟಲಾಗುವವನು ತಾನೊಬ್ಬನೇ ಆಗಿದ್ದರೆ ಹಾಳಾಗಿ ಹೋಗಲಿ, ಹೊಸ ಮನೆಯಲ್ಲಿ ಕಾಲಿಟ್ಟಿರುವ ಮಗಳು "ನಿಮ್ಮಪ್ಪನ ಕೊಪ್ಪರಿಗೆ ಎಲ್ಲಮ್ಮ?" ಎಂಬ ಕೊಂಕನ್ನು ದಿನವೂ ಕೇಳಬೇಕಲ್ಲ.

ಮೊದಲು ತನ್ನದೇ ಮೇಲಿನ ಬೀದಿಯ ಭವನಕ್ಕೆ ಹೋದ. ಅಧ್ಯಕ್ಷ ಲಿಂಗಣ್ಣ ಮೆಟ್ಟಿಲ ಮೇಲೆ ಕೂತು ಬೀಗದ ಕೈ ತಿರುಗಿಸುತ್ತಿದ್ದ.

"ಭಾನ್ವಾರಕ್ಕೆ ಭವನ ಬೇಕು ಲಿಂಗಣ್ಣ. ರಮ್ಯನ್ ಬೀಗರೂಟ."

"ಬೀಗರೂಟ ಅಂದ್ರೆ ಬಾಡು ಅಲ್ವಾ?"

"ಇನ್ನೇನ್ ಬೀಗರ್ಗೆ ಸೌತೆಕಾಯ್ ಆಕ್ಲಾ?"

"ಆಗಕಿಲ್ಲ ಕಣಪ್ಪ. ಒಳಗೆ ದೇವ್ರ ಫೋಟೋ ಇಟ್ಟಿದೀವಿ. ಬೋರ್ಡ್ ನೋಡಿಲ್ವಾ? ಮಾಂಸಾಹಾರ ನಿಷೇಧ."

"ನೀನ್ ತಿನ್ನಲ್ವೇನ್ಲಾ? ಮೊನ್ನೆ ಸಂತೇಲಿ ಬೋಟಿ ಕಟ್ಟಿಸ್ಕತಿದ್ದೋನು ಯಾರು?"

"ನಾನ್ ತಿಂತೀನಿ," ಲಿಂಗಣ್ಣ ಗಂಭೀರವಾಗಿ ಹೇಳಿದ. "ಭವನ ತಿನ್ನಲ್ಲ."

"ಓಗ್ಲಿ, ಮುಚ್ಚಳಾನಾದ್ರೂ ಕೊಡು."

"ಕೊಪ್ಪರಿಗೆ ಎಲ್ಲದೆ?"

"ಕಾಲೋನೀಲಿ."

"ಅದ್ನ ಇಲ್ಲಿಗ್ ತಗಂಡ್ ಬಾ, ಮುಚ್ಚಳ ಕೊಡ್ತೀನಿ. ಮುಚ್ಚಳ ಅಲ್ಲಿಗ್ ಓಗಕಿಲ್ಲ. ಬೀದಿ ಮರ್ಯಾದೆ ಪ್ರಶ್ನೆ."

"ಮುಚ್ಚಳಕ್ಕೂ ಮರ್ಯಾದೆ ಬಂತಾ ಈ ಊರಲ್ಲಿ!" ಎಂದು ಕೂಗಿ ಕಂಠಪ್ಪ ಅಲ್ಲಿಂದ ಹೊರಟ.

ಕೆಳಗಿನ ಬೀದಿಯ ಭವನಕ್ಕೆ ಕಂಬ ಎದ್ದಿತ್ತು, ತಾರಸಿ ಬಿದ್ದಿರಲಿಲ್ಲ. ಬಂದ ದುಡ್ಡು ಕಂಬಕ್ಕೇ ಮುಗಿದು, ಒಳಗೆ ಆಡು ಮರಿಗಳು ಮಲಗುತ್ತಿದ್ದವು. ಬಾಗಿಲೇ ಇಲ್ಲದ ಭವನದಲ್ಲಿ ಹಿಟ್ಟಿನ ಕೋಲು ಇಡುವುದೆಲ್ಲಿ? ಅದಕ್ಕೆ ಪಕ್ಕದ ಮನೆಯ ಮರಮ್ಮನ ವಶಕ್ಕೆ ಕೊಟ್ಟಿದ್ದರು. ಹಿತ್ತಲಿಗೆ ಹೋಗಿ ನೋಡಿದರೆ, ಇಡೀ ಊರಿಗೆ ಮುದ್ದೆ ತಿರುವಿದ ಕೋಲು ಮರಮ್ಮನ ಹೀರೆಬಳ್ಳಿಯ ಚಪ್ಪರಕ್ಕೆ ಆಸರೆ ಕೊಟ್ಟುಕೊಂಡು ನಿಂತಿತ್ತು.

"ಏನಕ್ಕ ಇದು, ಅನ್ನದ ಕೋಲು!"

"ಅಯ್ ಸುಮ್ಕಿರ್ಲಾ ಕಂಠ. ಯಾರೂ ಕೇಳಕ್ ಬರ್ಲಿಲ್ಲ, ಗೆದ್ಲು ಹಿಡೀತಿತ್ತು. ಈಗ ನೋಡು, ಬಿಸ್ಲಿಗೆ ಒಣಗಿ ಎಂಗ್ ಗಟ್ಟಿಯಾಗದೆ. ಬೇರೆ ಗೂಟ ತಂದ್ ನೆಡು, ಆಮೇಲೆ ಇದನ್ನ ಮುಟ್ಟು. ಒಂದ್ ಹೀರೇಕಾಯ್ ನೆಲಕ್ ಬಿದ್ರೂ ನಿನ್ನ ಬುಡಕಿಲ್ಲ."

ಮಗಳ ಬೀಗರೂಟದ ಕೆಲಸ ಬಿಟ್ಟು ಕಂಠಪ್ಪ ಬಿದಿರು ಕಡಿದು ತಂದ, ಗುಂಡಿ ತೋಡಿದ, ಮರಮ್ಮನಿಂದ "ಒಸಿ ಎಡಕ್ಕೆ, ಒಸಿ ಬಲಕ್ಕೆ" ಎನ್ನಿಸಿಕೊಂಡು ಚಪ್ಪರ ನಿಲ್ಲಿಸಿದ. ಕೋಲನ್ನು ಹೆಗಲ ಮೇಲಿಟ್ಟುಕೊಂಡು ಕಾಲೋನಿಗೆ ನಡೆದ.

ಊರಿನ ಮೂರು ಭವನಗಳಲ್ಲಿ ಪೂರ್ತಿಯಾದದ್ದು ಅದೊಂದೇ. ತಾರಸಿ, ನಲ್ಲಿ, ಹಿಂದೆ ಅಡುಗೆಗೆ ಜಾಗ, ಮುಂದೆ ಗುಡಿಸಿದ ಅಂಗಳ. ಅದರ ಉಸ್ತುವಾರಿ ದಾಸಯ್ಯನದು. ಗಾರೆ ಕೆಲಸದವನು, ಮಾತು ಕಡಿಮೆ, ಆಡಿದರೆ ನಾಟುವ ಹಾಗೆ ಆಡುವವನು. ಅವನ ಹೆಂಡತಿ ರಾಚಮ್ಮನದು ಅದಕ್ಕೆ ತಿರುಗುಮುರುಗು. ದಾಸಯ್ಯ ಅಡುಗೆಕೋಣೆಯ ಬಾಗಿಲು ತೆಗೆದ. ಕೊಪ್ಪರಿಗೆ ಅಲ್ಲಿತ್ತು, ಒಳಗೆಲ್ಲ ಹೊಸ ಕಲಾಯಿ, ಹೊರಗೆ ಹುಣಸೆಹಣ್ಣು ಹಾಕಿ ಉಜ್ಜಿದ ಹೊಳಪು. ಕಂಠಪ್ಪ ಬಳೆ ಹಿಡಿದು ಸುಮ್ಮನೆ ನಿಂತುಬಿಟ್ಟ. ಅವನ ಬಾಯಿಂದ ಮಾತು ಹೊರಡದಿದ್ದದ್ದು ಊರಿಗೆ ಅದೇ ಮೊದಲಿರಬೇಕು.

"ಬೀಗರೂಟಕ್ಕೆ ಒಂದಿನ ಕೊಡು ದಾಸಯ್ಯ. ಬೆಳಗಿ ತಂದಿಡ್ತೀನಿ."

"ಬಾಗ್ಲು ದಾಟಿ ಹೋಗಂಗಿಲ್ಲ ಕಂಠಪ್ಪಾರೆ. ಬೀದಿಯೋರೆಲ್ಲ ಕೂತು ಮಾತಾಡಿದೀವಿ."

"ನಮ್ಮಪ್ಪ ಗಾಡೀಲಿ ಹೇರ್ಕಂಡ್ ಬಂದ ಕೊಪ್ಪರಿಗೆ ಕಣಯ್ಯ ಅದು!"

"ಗಾಡಿ ನಿಮ್ಮಪ್ಪಂದು. ಭತ್ತ ನಮ್ಮಪ್ಪಂದೂ ಇತ್ತು." ದಾಸಯ್ಯನ ದನಿ ಏರಲಿಲ್ಲ. "ಅವತ್ತಿಂದ ಇವತ್ತಿನ್ ತನ್ಕ ನಮ್ ಬೀದಿ ಮದ್ವೆಗೆ ಇದು ಬಂದದ್ದು ನೀವ್ ನೋಡಿದೀರಾ? ಚಾವಡಿ ಮೂಲೇಲಿ ಇತ್ತು, ಯಾರ್ ಬೇಕಾದ್ರೂ ತಗಂಡೋಗ್ಬೋದಿತ್ತು. ನಾವು ಚಾವಡಿ ಮೆಟ್ಲು ಹತ್ತಂಗಿದ್ರೆ ತಾನೆ?"

"ನನ್ ಕೇಳ್ಬೇಕಿತ್ತು!"

"ಕೇಳಿದ್ರೆ ಬಂದು ಬೇಯಿಸ್ತಿದ್ರಾ?"

ಕಂಠಪ್ಪ ಕೋಲನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಾಯಿಸಿದ. ಸಿಟ್ಟು ಬಂತು. ಸಿಟ್ಟನ್ನು ಯಾರ ಮೇಲೆ ಹಾಕಬೇಕೋ ಗೊತ್ತಾಗದೆ ಇನ್ನೂ ಸಿಟ್ಟು ಬಂತು.

"ಬೇಕಾದ್ರೆ ಇಲ್ಲೇ ಬೇಯ್ಸಿ," ಎಂದ ದಾಸಯ್ಯ. "ಊಟಾನೂ ಇಲ್ಲೇ. ನಮ್ ಬೀದಿಯೋರ್ನೂ ಕರೀಬೇಕು, ನಿಮ್ ಬೀಗ್ರೂ ನಾವೂ ಒಂದೇ ಪಂಕ್ತಿ. ಅದ್ಕೆ ಒಪ್ಪೋದಾದ್ರೆ ಭವನ ನಿಮ್ದು, ಕೊಪ್ಪರಿಗೇನೂ ನಿಮ್ದು."

ಮನೆಯಲ್ಲಿ ಸುನಂದಮ್ಮ ಕೇಳಿದವಳೇ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ನಂಗೇನಿಲ್ಲ ಕಣ್ರೀ, ನಾನ್ ಎಲ್ ಬೇಕಾದ್ರೂ ಉಣ್ತೀನಿ. ಆದ್ರೆ ಪಿರಿಯಾಪಟ್ಟಣದೋರು ಉಂಡಾರಾ? ಉಣ್ದೆ ಎದ್ದೋದ್ರೆ ನಾಳೆ ನಮ್ ರಮ್ಯನ್ ಗತಿ ಏನು? ಒಂದ್ ಮಾತಾಡಿ ಬಂದ್ರಿ ಛತ್ರದಲ್ಲಿ, ಈಗ ಮಗು ಬಾಳಿಗ್ ತಂದಿಟ್ರಿ."

ಕಂಠಪ್ಪ ಅಂಗಳದಲ್ಲಿ ಅತ್ತಿಂದಿತ್ತ ತಿರುಗಿದ. ಮೂರು ಬೀದಿಗೂ ಬೈದ, ಭವನ ಕೊಟ್ಟವರಿಗೂ ಕಟ್ಟಿದವರಿಗೂ ಬೈದ, ಅರಳಿಮರಕ್ಕೂ ಬೈದ. ಕೊನೆಗೆ ಫೋನ್ ತೆಗೆದು ಬೀಗನಿಗೆ ಮಾಡಿದ. ಸುತ್ತಿ ಬಳಸಿ ಮಾತಾಡುವುದು ಅವನಿಗೆ ಬಾರದ ವಿದ್ಯೆ.

"ಬೀಗ್ರೆ, ಭಾನ್ವಾರ ಊಟ ನಮ್ಮೂರ್ ಕಾಲೋನಿ ಭವನದಲ್ಲಿ. ಆ ಬೀದಿಯೋರೂ ನಮ್ ಜೊತೇಲೇ ಕೂರ್ತಾರೆ. ಬರೋದಾದ್ರೆ ಬನ್ನಿ, ಇಲ್ದಿದ್ರೆ ಈಗ್ಲೇ ಹೇಳ್ಬುಡಿ, ಮರಿ ಕಡ್ಸಲ್ಲ."

ಆ ಕಡೆಯಿಂದ ಜವರಯ್ಯನ ದನಿ ಬಂತು. "ಮನೇಲ್ ಕೇಳ್ತೀನಿ. ನೋಡಾನ."

"ನೋಡಾನ ಅಂದ್ರೆ ಏನ್ ಅರ್ಥ? ಬತ್ತಾರಂತಾ, ಬರಲ್ವಂತಾ?" ಸುನಂದಮ್ಮ ಕೇಳಿದಳು.

"ನಂಗೇನ್ ಗೊತ್ತೆ! ನೋಡಾನ ಅಂದ್ರೆ ನೋಡಾನ!" ಎಂದು ಕಂಠಪ್ಪ ಕಿರುಚಿದ. ಆದರೂ ಮರಿಗೆ ಹೇಳಿದ, ಮಸಾಲೆಗೆ ಹೇಳಿದ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಭವನದ ಹಿಂದೆ ಉದ್ದನೆಯ ಒಲೆ ತೋಡಿ ಕೊಪ್ಪರಿಗೆ ಏರಿಸಿದ. ಒಲೆ ಹೊತ್ತಿದ್ದೇ ಬಾಯಿಯೂ ಹೊತ್ತಿತು. ಕೊಬ್ಬರಿ ರುಬ್ಬುತ್ತಿದ್ದ ರಾಚಮ್ಮನಿಗೆ, "ಅದೇನಮ್ಮ ರುಬ್ಬದು, ಸುಣ್ಣ ಕಲಸ್ದಂಗೆ!" ಎಂದ.

ರಾಚಮ್ಮ ಕೈ ನಿಲ್ಲಿಸದೆ ತಿರುಗಿ ನೋಡಿದಳು. "ಇದು ನಮ್ ಭವನ ಕಣಣ್ಣ. ಇಲ್ ಬೈಯೋದಿದ್ರೆ ನಾವ್ ಬೈತೀವಿ. ನಿನ್ ಒಲೆ ನೋಡ್ಕ, ಒಂದ್ಕಡೆ ಉರಿ ಸತ್ತೋಗದೆ."

ನೋಡಿದರೆ ನಿಜವಾಗಿಯೂ ಉರಿ ಸತ್ತಿತ್ತು. ಇಷ್ಟು ವರ್ಷದಲ್ಲಿ ಒಲೆಯ ಮುಂದೆ ಅವನಿಗೆ ಎದುರು ಮಾತಾಡಿದವರಿರಲಿಲ್ಲ. ಗೊಣಗಿಕೊಂಡು ಸೌದೆ ತಳ್ಳಿದ. ಸಾರು ಕುದಿಯಲು ಹತ್ತಿದಾಗ ಮುಚ್ಚಳವಿಲ್ಲದೆ ಹಬೆಯೆಲ್ಲ ಆಕಾಶಕ್ಕೆ ಹೋಗುತ್ತಿತ್ತು. "ಆ ಲಿಂಗನ ಮನೆ ಹಾಳಾಗ" ಎಂದು ಅವನು ಶುರುಮಾಡುವ ಮೊದಲೇ ರಾಚಮ್ಮ ಬಾಳೆ ಎಲೆ ಹೊದಿಸಿ, ಮೇಲೆ ಒದ್ದೆ ಗೋಣಿತಾಟು ಎಳೆದಳು. ಬಾಡು ಅದರಡಿಯಲ್ಲಿ ಬೇಯತೊಡಗಿತು.

ಊಟದ ಹೊತ್ತಾಯಿತು. ಪಕ್ಕದ ಹಂಡೆಯಲ್ಲಿ ಹಿಟ್ಟು ತಿರುವಿ, ಮುದ್ದೆ ಕಟ್ಟಿ ಮುಚ್ಚಿಟ್ಟಾಯಿತು. ಕಾಲೋನಿಯವರು ಅಂಗಳದಲ್ಲಿ ನಿಂತಿದ್ದರು, ಬೀಗರು ಬರದೆ ಯಾರೂ ಕೂರುವಂತಿಲ್ಲ. ಮೇಲಿನ ಬೀದಿಯಿಂದ ನಾಲ್ಕು ಮನೆಯವರು ಬಂದಿದ್ದರು. ಕಂಠಪ್ಪನ ಸ್ವಂತ ಅಣ್ಣ ಬಂದಿರಲಿಲ್ಲ, ಮಂಡಿ ನೋವಂತೆ. ನಿನ್ನೆ ಅದೇ ಮಂಡಿಯಲ್ಲಿ ಗದ್ದೆ ಬದು ಹತ್ತಿ ಇಳಿಯುತ್ತಿದ್ದುದನ್ನು ಊರೆಲ್ಲ ನೋಡಿತ್ತು. ಸುನಂದಮ್ಮ ಸೆರಗಿನ ತುದಿ ಹಿಂಡುತ್ತ ನಾಲೆ ಏರಿಯ ಕಡೆಯೇ ನೋಡುತ್ತಿದ್ದಳು. ಕಂಠಪ್ಪನಿಗೆ ಬೈಯಲು ಕೂಡ ಯಾರೂ ಹೊಳೆಯಲಿಲ್ಲ.

ಕೊನೆಗೊಮ್ಮೆ ಏರಿಯ ಮೇಲೆ ಧೂಳೆದ್ದಿತು. ಎರಡು ಟೆಂಪೋ ಬರಬೇಕಿತ್ತು, ಬಂದದ್ದು ಒಂದು. ಮುಂದಿನ ಸೀಟಿನಿಂದ ರಮ್ಯ ಇಳಿದಳು. ಅವಳ ಹಿಂದೆ ತೇಜಸ್ ಇಳಿದ, ಆಮೇಲೆ ಜವರಯ್ಯ. ಜವರಯ್ಯ ಗೇಟಿನ ಹತ್ತಿರ ನಿಂತು ತಲೆಯೆತ್ತಿ ಬೋರ್ಡನ್ನು ಪೂರ್ತಿ ಓದಿದ. ಅಂಗಳದಲ್ಲಿ ನಿಂತಿದ್ದ ಜನರನ್ನು ನೋಡಿದ. ದಾಸಯ್ಯನೂ ಅವನನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಗಾಳಿ ತಿರುಗಿ ಗೋಣಿತಾಟಿನ ಅಡಿಯ ವಾಸನೆಯನ್ನು ಗೇಟಿನವರೆಗೆ ತಂದಿತು.

"ಕೈ ತೊಳ್ಯಕ್ ನೀರ್ ಎಲ್ಲದೆ ಬೀಗ್ರೆ?" ಎಂದ ಜವರಯ್ಯ.

ನಲ್ಲಿ ತೋರಿಸಿದವನು ದಾಸಯ್ಯ.

"ಇನ್ನೊಂದ್ ಗಾಡಿ?" ಸುನಂದಮ್ಮ ಮಗಳನ್ನು ಪಕ್ಕಕ್ಕೆ ಎಳೆದು ಕೇಳಿದಳು.

"ದೊಡ್ಮಾವನ್ ಮನೆಯೋರು ಬರಲ್ಲ ಅಂದ್ರು ಕಣವ್ವ. ಜಗಳ ಆಯ್ತು. ನಾನ್ ಹೇಳ್ದೆ, ನಮ್ಮಪ್ಪ ಬೈತಾನೆ, ಆದ್ರೆ ಕೆಟ್ಟ ಸಾರು ಮಾಡಲ್ಲ ಅಂತ. ಮಾವ ಅದ್ಕೆ ಎದ್ ಬಂದ್ರು."

ಪಂಕ್ತಿ ಕೂತಿತು. ಎಲೆ ಎಲೆಗೆ ಮುದ್ದೆ ಬಿತ್ತು, ಅದರ ಪಕ್ಕ ಸಾರು ಹರಿಯಿತು. ಜವರಯ್ಯನ ಎಡಕ್ಕೆ ದಾಸಯ್ಯ, ಬಲಕ್ಕೆ ತೇಜಸ್. ಮೊದಲ ತುತ್ತು ನುಂಗಿ ಜವರಯ್ಯ ಕಣ್ಣು ಮುಚ್ಚಿದ. ಎಲೆಯ ಮೇಲೆ ಬೆರಳು ಬಡಿದು ಇನ್ನೊಂದು ಸೌಟು ಎಂದು ತೋರಿಸಿದ. ಕಂಠಪ್ಪನಿಗೆ ಅಷ್ಟು ಸಾಕಾಗಿತ್ತು. ಆದರೂ, "ಬಾಯ್ಬುಟ್ಟು ಹೇಳಕ್ಕೇನು ರೋಗ" ಎಂದು ಒಳಗೇ ಅಂದುಕೊಂಡ.

ಎರಡನೆಯ ಪಂಕ್ತಿ ಏಳುವ ಹೊತ್ತಿಗೆ ಗೇಟಿನಲ್ಲಿ ಲಿಂಗಣ್ಣ ಕಾಣಿಸಿಕೊಂಡ. ಕಂಕುಳಲ್ಲಿ ಮುಚ್ಚಳ, ಬೆವರಿನ ಮುಖ. ವಾಸನೆ ಮೇಲಿನ ಬೀದಿಯವರೆಗೂ ಹೋಗಿತ್ತು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮುಚ್ಚಳ ಕೊಡಾನ ಅಂತ ಬಂದೆ," ಎಂದ.

ಕಂಠಪ್ಪನ ಸಿಟ್ಟು ಬೆಳಗಿನಿಂದ ಇದಕ್ಕೇ ಕಾದಿತ್ತು. "ಎಲ್ಲಾ ಬೆಂದು ಬಡ್ಸಿ ತಳ ಕಾಣೋ ಹೊತ್ನಲ್ಲಿ ಮುಚ್ಚಳ ತಂದವ್ನೆ ನೋಡ್ರಪ್ಪ! ಅದ್ನ ತಲೆ ಮೇಲ್ ಕವುಚ್ಕಂಡು ನಡಿ! ಬೀದಿ ಮರ್ಯಾದೆ ಏನಾಯ್ತಲಾ?"

"ಓಗು ಅಂದ್ರೆ ಓಯ್ತೀನಿ ಬುಡು," ಎಂದ ಲಿಂಗಣ್ಣ, ಕಾಲು ಮಾತ್ರ ಕೀಳಲಿಲ್ಲ.

"ಎಲ್ಗೋಗ್ತೀಯ? ಕೂತ್ಕ! ರಾಚಮ್ಮ, ಇವ್ನಿಗೊಂದ್ ಎಲೆ ಆಕು."

"ನೀನೇ ಆಕಣ್ಣ," ರಾಚಮ್ಮ ಒಳಗಿನಿಂದಲೇ ಹೇಳಿದಳು. "ನಿಮ್ ಬೀದಿಯೋನು."

ಬೀಗರ ಟೆಂಪೋ ಸಂಜೆಗೆ ಹೊರಟಿತು. ಹತ್ತುವಾಗ ಜವರಯ್ಯ ಕಂಠಪ್ಪನ ಕೈ ಹಿಡಿದು, "ಇಂಥಾ ಕೊಪ್ಪರಿಗೆ ಇಟ್ಕಂಡು ನಿಮ್ಮೂರೋರು ಬಾಡಿಗೆ ಪಾತ್ರೆ ತತ್ತಾರಾ? ಏನ್ ಬಂದದೆ ನಿಮ್ಗೆ?" ಎಂದ.

ದಾಸಯ್ಯನೂ ಕಂಠಪ್ಪನೂ ಕೊಪ್ಪರಿಗೆ ತೊಳೆದು ಒಳಗಿಟ್ಟು ಹೊರಬಂದಾಗ ಮರಮ್ಮ ಬಂದು, "ನೀನ್ ನೆಟ್ಟ ಗೂಟ ವಾಲದೆ ಕಣ್ಲಾ" ಎಂದು ಕೋಲನ್ನು ಕಸಿದುಕೊಂಡು ಹೋದಳು. ಲಿಂಗಣ್ಣ ಹೊಟ್ಟೆ ಬಿರಿಯ ಉಂಡು ಕಂಬಕ್ಕೊರಗಿ ಕೂತಿದ್ದ, ಮುಚ್ಚಳ ಹೊತ್ತುಕೊಂಡು ಹೋಗುವ ಸ್ಥಿತಿಯಲ್ಲಿರಲಿಲ್ಲ.

"ಇಲ್ಲೇ ಇರ್ಲಿ ಬುಡಿ, ಕೊಪ್ಪರಿಗೆ ಮೇಲೆ," ಎಂದ ದಾಸಯ್ಯ. "ಯಾರ್ ಬಂದ್ರೂ ಬೇಯ್ಸ್ಕಳ್ಳಿ. ಮಾತು ಮಾತ್ರ ಅದೇ, ಒಂದೇ ಪಂಕ್ತಿ."

"ಅದೆಂಗಾಗ್ತದೆ, ತೀರ್ಮಾನ ಆಗಿರೋದು," ಲಿಂಗಣ್ಣ ಕಣ್ಣು ಬಿಡದೆಯೇ ಅಂದ. "ಊರೋರ್ನೆಲ್ಲ ಸೇರ್ಸಿ ಒಂದ್ ಮೀಟಿಂಗ್ ಕರೀಬೇಕಾಯ್ತದೆ."

"ಮೀಟಿಂಗ್ ಕರೆದ್ರೆ ನಾನ್ ಆ ಕಡೆ ತಲೆ ಹಾಕಿ ಮಲ್ಗಾದೂ ಇಲ್ಲ!" ಕಂಠಪ್ಪ ಕೈಯಲ್ಲಿದ್ದ ತೆಂಗಿನ ನಾರನ್ನು ಎಸೆದ. "ನಾನ್ ಬೈದದ್ನೆಲ್ಲ ನೀವು ತೀರ್ಮಾನ ಮಾಡ್ತೀರಾ!"

ಮುಚ್ಚಳವನ್ನು ತಾನೇ ಎತ್ತಿ, ಧೂಳು ಕೊಡವಿ, ಒಳಗೆ ತೆಗೆದುಕೊಂಡು ಹೋಗಿ ಕೊಪ್ಪರಿಗೆಯ ಮೇಲೆ ದಬಾರನೆ ಬಡಿದ. ಅದು ಸರಿಯಾಗಿ ಕೂತಿತು.